ಕೋತಿ ಕಥೆಯ ಇಂಗ್ಲಿಷು

ಹರಿಹರ
೨೪-೬-೧೯೬೨

ತೀರ್ಥರೂಪ ಅಪ್ಪಾಜಿಯವರ ಪಾದಗಳಿಗೆ ಅಕ್ಕನಾಗಮ್ಮನ ಶರಣಾರ್ಥಿಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ತಾವೂ, ತಾವು ಹೋದ ತಿಂಗಳು ಇಲ್ಲಿ ಕಟ್ಟಿಸಿಕೊಂಡು ಹೋದ ಹಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ. ದಾವಣಗೆರೆ ಬಸ್ಸಿನಲ್ಲಿ ಮಂಡಕ್ಕಿ ತಿಂದು ಹಲ್ಲಿನ ಪರೀಕ್ಷೆ ಮಾಡುತ್ತೇನೆ ಎಂದಿದ್ದಿರಿ. ಫಲಿತಾಂಶ ತಿಳಿಸಲಿಲ್ಲ.

ಕೆಲಸಕ್ಕೆ ಸೇರಿದ್ದಾಯಿತು. ಗಂಡ ಸತ್ತ ಮಗಳನ್ನು ಮನೆಯಲ್ಲಿ ಕೂಡಿಸಿಕೊಳ್ಳದೆ ಟ್ರೈನಿಂಗಿಗೆ ಕಳಿಸಿದ ಮೇಷ್ಟ್ರು ಎಂದು ನಮ್ಮವರು ನಿಮ್ಮನ್ನು ಆಡಿಕೊಂಡಿದ್ದರಲ್ಲ, ಅವರಿಗೆಲ್ಲ ಹೇಳಿಬಿಡಿ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಒಲೆ, ಪಕ್ಕದಲ್ಲಿ ಸೂಲಗಿತ್ತಿ ಓಬವ್ವ. ಸಂಜೆಯಾದರೆ ಹೊಳೆ ಗಾಳಿ. ನನಗೆ ಸಾಕು.

ಪಾಠದ ವಿಷಯ ಮಾತ್ರ ಹೇಳಿಕೊಳ್ಳುವಂತಿಲ್ಲ. ಆರನೇ ಕ್ಲಾಸಿನ ಇಂಗ್ಲಿಷು ನನ್ನ ಪಾಲಿಗೆ ಬಂದಿದೆ. ಪುಸ್ತಕದ ಮೊದಲ ಪಾಠದಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಎದ್ದು ಬ್ರೆಡ್ಡು ತಿಂದು ಟೆನಿಸ್ ಆಡಲು ಹೋಗುತ್ತಾನೆ. ನನ್ನ ಮಕ್ಕಳು ರೊಟ್ಟಿ ತಿಂದು, ಹೊಳೆಯಲ್ಲಿ ಎಮ್ಮೆ ಮೈ ತೊಳೆದು ಶಾಲೆಗೆ ಬಂದವರು. ಆ ಹುಡುಗ ಸತ್ತರೆಷ್ಟು ಬಿಟ್ಟರೆಷ್ಟು ಎನ್ನುವ ಹಾಗೆ ಕೂತಿರುತ್ತಾರೆ.

ನಿಮಗೆ ಹಲ್ಲು ಕಟ್ಟಿದ ಚೆನ್ ಡಾಕ್ಟರ ಮಗಳು ಈ ಕ್ಲಾಸಿನಲ್ಲೇ ಇದ್ದಾಳೆ. ಅಪ್ಪನ ಹೆಸರು ಊರವರ ಬಾಯಲ್ಲಿ ಚೆನ್ನಪ್ಪ ಆದ ಹಾಗೆ, ಮೇಲಿನ್ ಎಂಬ ಇವಳ ಹೆಸರು ಮೈಲಾರಿ ಆಗಿದೆ. ಹೆರಿಗೆ ಮಾಡಿಸಿದ ಓಬವ್ವನೇ ಹಾಗೆ ಕರೆದದ್ದಂತೆ. ತಾಯಿ ಇಲ್ಲ. ಮುಖವೊಂದು ಚೀನಾದ್ದು, ಮಾತೆಲ್ಲ ಹರಿಹರದ್ದು. ಮೊನ್ನೆ ಪಾಠದ ನಡುವೆ ಪಕ್ಕದವಳ ಕಿವಿಯಲ್ಲಿ ಪಿಸುಪಿಸು ಎನ್ನುತ್ತಿದ್ದಳು. ಎಬ್ಬಿಸಿ ಕೇಳಿದೆ.

"ಕತೆ ಹೇಳ್ತಿದ್ದೆ ಅಕ್ಕೋರೆ," ಎಂದಳು. "ನಮ್ಮಪ್ಪ ಹೇಳಿದ್ದು. ಒಂದು ಬಂಡೆ ಸೀಳಿ ಕೋತಿ ಹುಟ್ತೈತಿ. ಅದಕ ಒಂದು ಕೋಲು ಐತಿ. ಬ್ಯಾಡಂದ್ರೆ ಸೂಜಿ ಮಾಡಿ ಕಿವಿಯಾಗೆ ಇಟ್ಕೊಂತೈತಿ."

"ಆಮ್ಯಾಲೆ?" ಎಂದು ಕೇಳಿದ್ದು ನಾನಲ್ಲ, ಇಡೀ ಕ್ಲಾಸು.

ಒಬ್ಬ ಚೀನಾದ ಸನ್ಯಾಸಿ ಧರ್ಮದ ಪುಸ್ತಕಗಳನ್ನು ತರಲು ನಮ್ಮ ದೇಶಕ್ಕೆ ನಡೆದುಕೊಂಡು ಹೊರಡುತ್ತಾನಂತೆ. ಕೋತಿ ಅವನ ಕಾವಲಿಗೆ. ದಾರಿಯುದ್ದಕ್ಕೂ ರಾಕ್ಷಸರು. ಗಂಟೆ ಹೊಡೆದರೂ ಒಂದು ಮಗುವೂ ಏಳಲಿಲ್ಲ. ಅಪ್ಪಾಜಿ, ಈ ಕಥೆಯನ್ನೇ ಚಿಕ್ಕ ಚಿಕ್ಕ ವಾಕ್ಯ ಮಾಡಿ ಇಂಗ್ಲಿಷಿನಲ್ಲಿ ಕಲಿಸಿದರೆ ಹೇಗೆ? ಟೆನಿಸಿನ ಹುಡುಗ ಸ್ವಲ್ಪ ದಿನ ಕಾಯಲಿ. ತಮ್ಮ ಅಭಿಪ್ರಾಯ ಬರೆಯಿರಿ.

ತಮ್ಮ ಮಗಳು,
ಅಕ್ಕನಾಗಮ್ಮ

---

ದಾವಣಗೆರೆ
೩-೭-೧೯೬೨

ಚಿ. ಅಕ್ಕನಾಗಮ್ಮನಿಗೆ ಆಶೀರ್ವಾದಗಳು.

ಮಂಡಕ್ಕಿ ಪಾಸು, ಮಿರ್ಚಿ ಪಾಸು, ಹುರಿಗಡಲೆ ಜಸ್ಟ್ ಪಾಸು. ಬಾಯಿಂದ 'ದಿ' ಮತ್ತು 'ದ' ಎರಡೂ ಬೇರೆ ಬೇರೆಯಾಗಿ ಹೊರಡುತ್ತಿವೆ. ನಿನ್ನ ಚೆನ್ನಪ್ಪನಿಗೆ ಹೇಳು, ಉಜ್ಜನಪ್ಪ ಮೇಷ್ಟ್ರು ಮತ್ತೆ ಇಂಗ್ಲಿಷಿನಲ್ಲಿ ಬೈಯುವಂತಾದರು ಎಂದು.

ಕೋತಿಯ ಕಥೆ ಕಲಿಸು. ಧಾರಾಳವಾಗಿ ಕಲಿಸು. ಆದರೆ ಒಂದು ಮಾತು. ಕಥೆ ಕೇಳಿ ಬಾಯಿ ಬಿಡುವುದು ಬೇರೆ, ಇಂಗ್ಲಿಷು ಆಡುವುದಕ್ಕೆ ಬಾಯಿ ಬಿಡುವುದು ಬೇರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಂಟಲು ಹರಿದುಕೊಂಡು ಕಂಡುಕೊಂಡದ್ದನ್ನು ನಿನಗೆ ಪುಕ್ಕಟೆ ಕೊಡುತ್ತಿದ್ದೇನೆ. ನಮ್ಮ ಮಕ್ಕಳಿಗೆ ಯೋಚನೆ ಮಾಡಲು ಬಿಟ್ಟರೆ ಕೆಟ್ಟಿತು, ಯೋಚಿಸಿದರೆ ಕನ್ನಡ ಬರುತ್ತದೆ. ಪ್ರಶ್ನೆ ಕಿವಿಗೆ ಬಿದ್ದೊಡನೆ ಉತ್ತರ ತಟಕ್ಕನೆ ನಾಲಿಗೆಯಿಂದ ಜಿಗಿಯಬೇಕು. ನಡುವೆ ತಲೆ ಬರಬಾರದು.

ನಿನ್ನ ಕಥೆ ಅದಕ್ಕೆ ಹೇಳಿ ಮಾಡಿಸಿದ್ದು. ದಾರಿಯಲ್ಲಿ ಸಿಗುವ ಪ್ರತಿ ರಾಕ್ಷಸನೂ ಒಂದೇ ಪ್ರಶ್ನೆ ಕೇಳಲಿ: ವೇರ್ ಡು ಯು ಕಮ್ ಫ್ರಮ್? ಸನ್ಯಾಸಿ ಒಂದೇ ಉತ್ತರ ಕೊಡಲಿ. ದಿನವೂ ಹೇಳಿಸು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದೇ ಬರಬೇಕು.

ಬೆಣ್ಣೆ ಕಳಿಸಿದ್ದೇನೆ. ಅರ್ಧ ಓಬವ್ವನಿಗೆ ಕೊಡು.

ನಿನ್ನ ತಂದೆ,
ಉಜ್ಜನಪ್ಪ

---

ಹರಿಹರ
೧೬-೯-೧೯೬೨

ತೀರ್ಥರೂಪ ಅಪ್ಪಾಜಿಯವರಿಗೆ ಶರಣಾರ್ಥಿಗಳು.

ಗುರುದಕ್ಷಿಣೆ ಏನು ಬೇಕು ಕೇಳಿ. ನಿಮ್ಮ ಉಪಾಯ ಫಲಿಸಿದೆ.

ಕ್ಲಾಸು ಈಗ ಕ್ಲಾಸಿನಂತಿಲ್ಲ. ಎಮ್ಮೆ ಕಾಯುವ ನಿಂಗಪ್ಪ ಕೋತಿಯಾಗಿದ್ದಾನೆ. ಮಿಲ್ಲಿನ ನೂಲು ಹೊಸೆದು ಬಾಲ ಮಾಡಿಕೊಂಡು ಬಂದಿದ್ದಾನೆ, ಊಟದ ಹೊತ್ತಿನಲ್ಲೂ ಬಿಚ್ಚುವುದಿಲ್ಲ. ಹನುಮಪ್ಪನ ವೇಷ ಎಂದು ಅವನ ಅಜ್ಜಿ ಕೈ ಮುಗಿದಳಂತೆ. ಮೈಲಾರಿಯೇ ಸನ್ಯಾಸಿ. ಓಬವ್ವನ ಹಳೆಯ ಕೇಸರಿ ಸೀರೆ ಹರಿದು ಹೊದಿಸಿದ್ದೇವೆ. ಉಳಿದವರೆಲ್ಲ ರಾಕ್ಷಸರು. ನಲವತ್ತು ಗಂಟಲು ಒಟ್ಟಿಗೆ "ವೇರ್ ಡು ಯು ಕಮ್ ಫ್ರಮ್?" ಎಂದು ಗುಡುಗುತ್ತವೆ. ಅವಳು ಹೆದರದೆ ಮುಂದೆ ಬಂದು, ಕೈ ಜೋಡಿಸಿ, ಸ್ಪಷ್ಟವಾಗಿ ಹೇಳುತ್ತಾಳೆ: "ಐ ಕಮ್ ಫ್ರಮ್ ಚೈನಾ. ಐ ಆಮ್ ಗೋಯಿಂಗ್ ಟು ಇಂಡಿಯಾ, ಟು ಬ್ರಿಂಗ್ ದ ಬುಕ್ಸ್." ಆ ಉಚ್ಚಾರಣೆ ಕೇಳಿದರೆ ನಿಮ್ಮ ಕಟ್ಟಿದ ಹಲ್ಲೂ ನಾಚಬೇಕು.

ನಿನ್ನೆ ಅವಳೇ ಒಂದು ಅನುಮಾನ ತೆಗೆದಳು. "ಬ್ರಿಂಗ್ ಅಂದ್ರೆ ಒಯ್ಯೋದಾ ಅಕ್ಕೋರೆ, ತರೋದಾ?"

"ತರೋದು," ಎಂದೆ. "ತರಬೇಕಾದರೆ ಹೋದವರು ತಿರುಗಿ ಮನೆಗೆ ಬರಬೇಕು. ಅದೇ ಬ್ರಿಂಗು."

"ಹಂಗಾದ್ರೆ ಸನ್ಯಾಸಿ ತಿರುಗಿ ಮನೀಗೆ ಹೋಗ್ತಾನ." ಅಷ್ಟು ಖಚಿತವಾದ ಮೇಲೆ ಸಮಾಧಾನದಿಂದ ಕೂತಳು.

ಸಂಜೆ ಹೊತ್ತು ನನ್ನ ಕೋಣೆಗೇ ಬಂದುಬಿಡುತ್ತಾಳೆ. ಅಪ್ಪ ಅಂಗಡಿ ಮುಚ್ಚುವವರೆಗೆ ನನ್ನ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಾಳೆ, ನನಗಿಂತ ತೆಳ್ಳಗೆ. ಅಪ್ಪಾಜಿ, ಬಿಡಿಸಿ ಹೇಳುತ್ತೇನೆ, ನನಗೆ ಈ ಮಗುವೆಂದರೆ ಜೀವವಾಗಿಬಿಟ್ಟಿದೆ. ಬಿಟ್ಟು ಕಳಿಸಲು ಮನಸ್ಸು ಬರುವುದಿಲ್ಲ.

ಶಾಲೆಯ ವಾರ್ಷಿಕೋತ್ಸವ ನವೆಂಬರಿನಲ್ಲಿ. ನಾಟಕ ಆಡಿಸುತ್ತೇವೆ. ಮುಂದಿನ ಸಾಲಿನ ಕುರ್ಚಿ ನಿಮಗೆ.

ತಮ್ಮ,
ಅಕ್ಕನಾಗಮ್ಮ

---

ಹರಿಹರ
೧೧-೧೧-೧೯೬೨

ತೀರ್ಥರೂಪ ಅಪ್ಪಾಜಿಯವರಿಗೆ,

ಬರಬೇಡಿ. ನಾಟಕ ಇಲ್ಲ. ಚೀನಾದ ಜೊತೆ ಯುದ್ಧ ಶುರುವಾದ ವಾರದಲ್ಲೇ ಹೆಡ್ ಮಾಸ್ತರರು ಕರೆದು, ಚೀನಾದ ಕೋತಿಗೆ ಇನ್ನು ರಜಾ ಎಂದರು. ನಾನೂ ವಾದಿಸಲಿಲ್ಲ. ದಿನವೂ ರೇಡಿಯೋ ಮುಂದೆ ಊರಿಗೆ ಊರೇ ನಿಂತಿರುತ್ತದೆ. ಗಡಿಯಲ್ಲಿ ನಮ್ಮವರು ಸೋತ ಸುದ್ದಿ ಬಂದ ರಾತ್ರಿ ಚೆನ್ ಡಾಕ್ಟರ ಅಂಗಡಿಯ ಮೇಲೆ ಕಲ್ಲು ಬಿತ್ತು. ಗಾಜು ಹೋಯಿತು, ಕುರ್ಚಿ ಮುರಿಯಿತು. ಗೋಡೆಯ ಮೇಲೆ ಬರೆಸಿದ ದೊಡ್ಡ ಹಲ್ಲಿನ ಚಿತ್ರ ಮಾತ್ರ ಉಳಿದಿದೆ. ಅಲ್ಲೇ ಹಲ್ಲು ಕೀಳಿಸಿಕೊಂಡ ಮುಖಗಳೇ ಆ ಗುಂಪಿನಲ್ಲಿದ್ದವು ಎಂದು ಓಬವ್ವ ಹೇಳುತ್ತಾಳೆ.

ಇದನ್ನು ಬರೆಯಲು ಕೂತದ್ದು ಅದಕ್ಕಲ್ಲ. ಗುರುವಾರ ದುರ್ಗದ ಜಿಲ್ಲಾ ಕಚೇರಿಯಿಂದ ಒಬ್ಬ ಅಧಿಕಾರಿ ಶಾಲೆಗೆ ಬಂದರು. ಚೀನೀಯರ ವಿವರ ಬರೆದುಕೊಳ್ಳಲು ಬಂದವರು, ಹೊರಗಿನವರು, ಕನ್ನಡ ಬಾರದು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರು ನೇರವಾಗಿ ಮೈಲಾರಿಯ ಬೆಂಚಿನ ಮುಂದೆ ನಿಂತು, ದೊಡ್ಡ ದನಿಯಲ್ಲಿ, ಅಪ್ಪಾಜಿ, ಅದೇ ಪ್ರಶ್ನೆ ಕೇಳಿದರು. "ವೇರ್ ಡು ಯು ಕಮ್ ಫ್ರಮ್?"

ಅವಳು ಎದ್ದಳು. ಹೆದರಿ ಮುಖ ಬಿಳಿಚಿಕೊಂಡಿತ್ತು. ಆದರೆ ಕೈಗಳು ತಾವಾಗಿ ಜೋಡಿಸಿಕೊಂಡವು, ಬಾಯಿ ತಾನಾಗಿ ತೆರೆಯಿತು. "ಐ ಕಮ್ ಫ್ರಮ್ ಚೈನಾ. ಐ ಆಮ್ ಗೋಯಿಂಗ್ ಟು ಇಂಡಿಯಾ." ಹಿಂದಿನ ಬೆಂಚಿನಿಂದ ಎಲ್ಲ ಮಕ್ಕಳೂ ರೂಢಿಯಂತೆ ದನಿ ಕೂಡಿಸಿದರು, "ಟು ಬ್ರಿಂಗ್ ದ ಬುಕ್ಸ್."

ಅಧಿಕಾರಿ ಬರೆದುಕೊಂಡರು. "ವಾಟ್ ಬುಕ್ಸ್?" ಎಂದು ಕೇಳಿದರು. ಅದಕ್ಕೆ ನಾವು ಉತ್ತರ ಕಲಿಸಿರಲಿಲ್ಲ. ಅವಳು ನನ್ನ ಕಡೆ ನೋಡಿದಳು.

ನಾನು ಅಡ್ಡ ಹೋಗಿ ಹೇಳಿದೆ, ಇದು ಪಾಠ, ನಾಟಕದ ಮಾತು, ಹುಡುಗಿ ಹುಟ್ಟಿದ್ದು ಇದೇ ಊರಿನಲ್ಲಿ ಎಂದು. ಅವರು ನಕ್ಕು, ಈ ಕಾಲದಲ್ಲಿ ಇಂಥ ಪಾಠವೇ ಎಂದರು. ಸಂಜೆ ಓಬವ್ವನನ್ನು ಕರೆದುಕೊಂಡು ಅವರು ಇಳಿದುಕೊಂಡಿದ್ದ ಬಂಗಲೆಗೆ ಹೋದೆ. "ಈ ಕೈಯಾಗೆ ಹಿಡಿದೀನಿ ಸ್ವಾಮಿ," ಎಂದು ಓಬವ್ವ ಎರಡೂ ಅಂಗೈ ಚಾಚಿದಳು. "ಮಳಿ ಹೊಯ್ತಿತ್ತು. ಹೊಕ್ಕಳಬಳ್ಳಿ ಇಲ್ಲೇ ಹುಗದೀನಿ, ಬೇಕಂದ್ರೆ ಬರ್ರಿ, ಜಾಗ ತೋರಸ್ತೀನಿ." ಅವರ ಗುಮಾಸ್ತ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಹೆಬ್ಬೆಟ್ಟಿನವಳ ಮಾತು ಕಾಗದಕ್ಕೆ ಬರುವುದಿಲ್ಲವಂತೆ.

ತಂದೆ ಮಗಳಿಬ್ಬರನ್ನೂ ಚೀನೀಯರನ್ನು ಕೂಡಿಹಾಕುವ ರಾಜಸ್ಥಾನದ ಕ್ಯಾಂಪಿಗೆ ಕಳಿಸುತ್ತಾರೆ. ಒಂದು ದಾರಿ ಇದೆ ಎಂದು ಗುಮಾಸ್ತನೇ ಹೇಳಿದ. ಹುಡುಗಿ ಇಲ್ಲಿಯೇ ಹುಟ್ಟಿದವಳು, ನಾನು ಬಲ್ಲೆ ಎಂದು ಸರ್ಕಾರಿ ಪಿಂಚಣಿದಾರರಾದ ಒಬ್ಬ ಮರ್ಯಾದಸ್ಥರು ಬರೆದು ಜಾಮೀನು ನಿಂತರೆ ಅವಳ ಹೇಳಿಕೆ ತಿದ್ದಬಹುದು, ಅವಳನ್ನು ನನ್ನ ಹತ್ತಿರ ಬಿಡಬಹುದು. ಅವರಿಬ್ಬರೂ ಇಲ್ಲಿಂದ ಹೊರಡುವುದರೊಳಗೆ ಆಗಬೇಕು. ಆಮೇಲೆ ಕಾಗದ ಈ ಅಧಿಕಾರಿಯ ಕೈಯಲ್ಲಿರುವುದಿಲ್ಲ. ಚೆನ್ ಡಾಕ್ಟರೂ ಒಪ್ಪಿದ್ದಾರೆ. "ಅವ್ಳು ನಿಮ್ಮತ್ರ ಇರ್ಲಿ ಅಕ್ಕೋರೆ. ನಾನು ಹೋಗಿ ಬರ್ತೀನಿ," ಎಂದರು.

ಮೊದಲ ಬಸ್ಸಿಗೆ ಬನ್ನಿ ಅಪ್ಪಾಜಿ. ಒಂದು ಸಹಿ. ನಿಮಗೆ ಕೈ ಮುಗಿಯುತ್ತೇನೆ.

ಅಕ್ಕನಾಗಮ್ಮ

---

ದಾವಣಗೆರೆ
೧೫-೧೧-೧೯೬೨

ಚಿ. ಅಕ್ಕನಾಗಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ಮತ್ತೆ ಓದಿದೆ. ನಿನ್ನ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ.

ಇಲ್ಲಿನ ಪರಿಸ್ಥಿತಿಯೂ ನಿನಗೆ ತಿಳಿಯಬೇಕು. ಯುದ್ಧನಿಧಿಯ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಕೂಡಿಸಿದ್ದಾರೆ. ನಿನ್ನ ತಾಯಿಯ ಬಳೆ ಕೊಟ್ಟು ಬಂದೆ. ಪಕ್ಕದ ಮನೆಯ ಬಕ್ಕೇಶಪ್ಪನ ಮಗ ಗಡಿಯಲ್ಲಿದ್ದಾನೆ, ಕಾಗದ ಬಂದು ತಿಂಗಳಾಯಿತು. ಬಕ್ಕೇಶಪ್ಪ ಬೆಳಿಗ್ಗೆ ಎದ್ದು ನಮ್ಮ ಜಗಲಿಯ ಮೇಲೆ ಬಂದು ಕೂಡುತ್ತಾನೆ. "ಪೇಪರಿನಾಗೆ ಏನ್ ಬರದಾರ ಮೇಷ್ಟ್ರೆ?" ಎನ್ನುತ್ತಾನೆ. ಅವನಿಗೆ ಪೇಪರು ಓದಿ ಹೇಳಿ, ಅದೇ ಬಾಯಿ ಒರೆಸಿಕೊಂಡು ಹರಿಹರಕ್ಕೆ ಬಂದು ಚೀನೀಯನ ಮಗಳಿಗೆ ಜಾಮೀನು ಹೇಗೆ ನಿಲ್ಲಲಿ? ನಾಳೆ ಅವನ ಮುಖ ಹೇಗೆ ನೋಡಲಿ?

ಸರ್ಕಾರ ಕರೆದುಕೊಂಡು ಹೋದದ್ದನ್ನು ಸರ್ಕಾರವೇ ತಂದು ಬಿಡುತ್ತದೆ. ಅಪ್ಪನ ಜೊತೆಗೇ ಇರುತ್ತಾಳಲ್ಲ, ಅನಾಥೆಯೇನಲ್ಲ. ಸ್ವಲ್ಪ ದಿನ ತಡೆ. ಬೆಂಕಿ ಆರಲಿ, ಆಮೇಲೆ ಬೂದಿ ತೆಗೆಯೋಣ.

ನಿನ್ನ ತಂದೆ,
ಉಜ್ಜನಪ್ಪ

---

ಹರಿಹರ
೨೬-೧೧-೧೯೬೨

ಅಪ್ಪಾಜಿಯವರಿಗೆ,

ಕರೆದುಕೊಂಡು ಹೋದರು. ಪೂನಾ ಗಾಡಿಯಲ್ಲಿ, ಇಬ್ಬರು ಪೊಲೀಸರ ನಡುವೆ. ಕದನ ನಿಂತಿತು ಎಂದು ರೇಡಿಯೋ ಹೇಳಿ ಐದು ದಿನವಾಗಿತ್ತು. ಬೆಂಕಿ ಆರಿತ್ತು.

ಓಬವ್ವ ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು. ಎಮ್ಮೆಯ ನಿಂಗಪ್ಪ ತನ್ನ ನೂಲಿನ ಬಾಲ ತಂದು ಕಿಟಕಿಯಿಂದ ಕೊಟ್ಟ. ಮೈಲಾರಿ ಅಳಲಿಲ್ಲ. "ಅಕ್ಕೋರೆ, ನಾನು ಹೇಳಿದ್ದು ತಪ್ಪಾತೇನ್ರಿ?" ಎಂದಳು. ವಾಕ್ಯ ಸರಿಯಾಗಿತ್ತು ಎಂದೆ.

ನೀವು ಕಲಿಸಿದಂತೆಯೇ ಕಲಿಸಿದ್ದೆ, ನಡುವೆ ತಲೆ ಬರಲಿಲ್ಲ. ನೀವು ಮಾತ್ರ ತಲೆ ಉಪಯೋಗಿಸಿದಿರಿ.

ನಾಳೆಯೂ ನೀವು ಆ ಮನುಷ್ಯ ಕಟ್ಟಿದ ಹಲ್ಲಿನಲ್ಲೇ ಅಗಿಯುತ್ತೀರಿ. ಚೆನ್ನಾಗಿ ಅಗಿಯಿರಿ. ನಾನು ಇನ್ನು ಬರೆಯುವುದಿಲ್ಲ.

ಅಕ್ಕನಾಗಮ್ಮ

---

ಕ್ಯಾಂಪು, ರಾಜಸ್ಥಾನ
೨-೨-೧೯೬೩

ನನ್ನ ಪ್ರೀತಿಯ ಅಕ್ಕೋರಿಗೆ ಮೈಲಾರಿ ಮಾಡುವ ನಮಸ್ಕಾರಗಳು.

ನಾವು ಚೆನ್ನಾಗಿದ್ದೇವೆ. ಇದು ನನ್ನ ಎರಡನೇ ಕಾಗದ. ಮೊದಲನೇದು ಕನ್ನಡದಲ್ಲಿ ಇತ್ತು, ಇಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದು ಹಿಡಿದಿಟ್ಟರು. ಇಂಗ್ಲಿಷಿನಲ್ಲಿ ಬರಿ ಅಂದರು. ನನಗೆ ಬರುವ ಇಂಗ್ಲಿಷೆಲ್ಲ ಕೋತಿ ಕಥೆಯದು. ದ ಮಂಕಿ ಈಸ್ ಬ್ರೇವ್ ಅಂತ ಬರೆದರೆ ನಿಮಗೆ ನನ್ನ ಸುದ್ದಿ ಏನು ತಿಳಿಯುತ್ತದೆ? ಈಗ ಮೈಸೂರು ಕಡೆಯ ಒಬ್ಬ ಜವಾನರು ಕಾವಲಿಗೆ ಬಂದಿದ್ದಾರೆ. ಅವರು ಓದಿ ಸಾಹೇಬರಿಗೆ ಹೇಳುತ್ತಾರೆ. ಆ ಅಣ್ಣಾವರಿಗೂ ನಮಸ್ಕಾರ.

ಇಲ್ಲಿ ಹೊಳೆ ಇಲ್ಲ, ಮರ ಇಲ್ಲ. ಚಳಿ ಬಹಳ. ಒಂದು ಉದ್ದ ಮನೆಯಲ್ಲಿ ತುಂಬ ಜನ. ಅಸ್ಸಾಮಿನವರು, ಕಲ್ಕತ್ತದವರು. ಎಲ್ಲರೂ ನನ್ನ ಹಾಗೇ ಮುಖ ಇದ್ದವರು. ಅಷ್ಟು ಜನರನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು, ಮೊದಲನೇ ದಿನ ನನಗೇ ಹೆದರಿಕೆ ಆಯಿತು. ಅವರ ಮಾತು ನನಗೆ ಬರುವುದಿಲ್ಲ. ಅಪ್ಪನ ಚೀನೀ ಮಾತೇ ಬೇರೆ, ಇವರದೇ ಬೇರೆಯಂತೆ. ಇಲ್ಲಿನ ಮಕ್ಕಳು ನನ್ನನ್ನು ಮದ್ರಾಸಿ ಎಂದು ಕರೆಯುತ್ತಾರೆ, ಆಟಕ್ಕೆ ಸೇರಿಸುವುದಿಲ್ಲ. ಹರಿಹರ ಮದ್ರಾಸಲ್ಲ ಎಂದು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಲಿ?

ಒಬ್ಬ ಅಜ್ಜ ಸತ್ತುಹೋದರು. ಅಪ್ಪ ಅವರ ಹಲ್ಲು ನೋಡುತ್ತಿದ್ದರು, ಕೈಯಲ್ಲಿ ಸಾಮಾನು ಇಲ್ಲ, ಬರೀ ನೋಡುವುದು. ಈಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ನಾನೇ ಮಾತಾಡಿಸುತ್ತೇನೆ. ಕೋತಿ ಕಥೆ ಹೇಳಪ್ಪಾ ಅಂದರೆ ಮರೆತು ಹೋಯಿತು ಅನ್ನುತ್ತಾರೆ.

ನಿಂಗಪ್ಪ ಕೊಟ್ಟ ಬಾಲ ಬಿಚ್ಚಿ, ಅದರ ನೂಲಿನಿಂದ ಅಪ್ಪನ ಸ್ವೆಟರಿನ ತೂತು ಹೊಲಿದಿದ್ದೇನೆ. ಅವನಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾನೆ.

ನನ್ನನ್ನು ಕರೆಸಿಕೊಳ್ಳಲು ಆಗುತ್ತದಾ ಅಕ್ಕೋರೆ? ನಾನು ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಮೈಲಾರಿ

---

ದಾವಣಗೆರೆ
೧೯-೩-೧೯೬೩

ಚಿ. ಅಕ್ಕನಾಗಮ್ಮನಿಗೆ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಹೋದ ವಾರ ನೀನು ನಿನ್ನ ಕೈಯಿಂದ ಏನೂ ಬರೆಯದೆ, ಆ ಹುಡುಗಿಯ ಕಾಗದವನ್ನೇ ಲಕೋಟೆಗೆ ಹಾಕಿ ಕಳಿಸಿದೆ. ಬೈದಿದ್ದರೆ ವಾಸಿಯಿತ್ತು.

ನಿನ್ನ ಒಂದು ಮಾತು ಸುಳ್ಳಾಗಿದೆ. ಆ ಹಲ್ಲಿನಲ್ಲಿ ನಾನು ಅಗಿಯಲಿಲ್ಲ. ಯಾರೋ ಸಭೆಯಲ್ಲಿ, ಅಧ್ಯಕ್ಷರ ಬಾಯಲ್ಲಿ ಚೀನಾ ಹಲ್ಲು ಎಂದು ಹಾಸ್ಯ ಮಾಡಿದರು. ಅವತ್ತೇ ತೆಗೆದು ಡಬ್ಬಿಯಲ್ಲಿಟ್ಟೆ. ಬೊಚ್ಚು ಬಾಯಲ್ಲಿ ದೇಶಭಕ್ತಿಯ ಭಾಷಣ ಮಾಡಿದೆ. ಒಂದು ಅಕ್ಷರವೂ ಯಾರಿಗೂ ತಿಳಿಯಲಿಲ್ಲ, ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು. ಅಂಬಲಿ ಕುಡಿದುಕೊಂಡು ಇದ್ದೆ. ನಿನಗೆ ನಗು ಬಂದರೆ ನಗು.

ಬಕ್ಕೇಶಪ್ಪನ ಮಗ ಬಂದ. ಹಿಮದಲ್ಲಿ ಕಾಲಿನ ಬೆರಳುಗಳು ಹೋಗಿವೆ. ಜಗಲಿಯ ಮೇಲೆ ಕಾಲು ಚಾಚಿ ಕೂಡುತ್ತಾನೆ. ಮೊನ್ನೆ ಬಕ್ಕೇಶಪ್ಪ ನನ್ನ ಬಾಯಿ ನೋಡಿ, "ಹಲ್ಲು ಯಾಕ ಹಾಕ್ಕಳಲ್ರಿ ಮೇಷ್ಟ್ರೆ?" ಎಂದ. ಕಾರಣ ಹೇಳಿದೆ. ಎಲ್ಲವನ್ನೂ ಹೇಳಿದೆ, ಹುಡುಗಿಯ ವಿಷಯ, ಜಾಮೀನಿನ ವಿಷಯ. ಅವನು ಮಗನ ಕಾಲಿನ ಕಡೆ ನೋಡಿದ. ಆಮೇಲೆ, "ನನ್ನ ಹೆಸರು ಹೇಳಿ ನೀವು ಮನ್ಯಾಗ ಕುಂತ್ರಿ ಅನ್ರಿ," ಎಂದ. ಎದ್ದು ಹೋದ. ಈಗ ಬೆಳಿಗ್ಗೆ ಅವನು ಪೇಪರು ಕೇಳಲು ಬರುವುದಿಲ್ಲ.

ಹಲ್ಲು ಹಾಕಿಕೊಂಡು ದುರ್ಗಕ್ಕೆ ಹೋದೆ. ಆ ಅಧಿಕಾರಿಗೆ ವರ್ಗವಾಗಿದೆ. ಹೊಸಬರು ಕೂಡ್ರಿ ಎಂದರು, ಕಾಫಿ ತರಿಸಿದರು. ಹುಡುಗಿ ನಿಮಗೇನಾಗಬೇಕು ಎಂದು ಕೇಳಿದರು. ಮೊಮ್ಮಗಳು ಎಂದೆ. ಬಾಯಿ ತಪ್ಪಿ ಬಂತೋ, ಬೇಕೆಂದೇ ಹೇಳಿದೆನೋ, ನನಗೇ ಗೊತ್ತಿಲ್ಲ. ಜಾಮೀನು ಬರೆದು ಸಹಿ ಹಾಕಿದ್ದೇನೆ. ಕ್ಯಾಂಪಿಗೆ ಕಳಿಸುತ್ತೇವೆ ಎಂದಿದ್ದಾರೆ.

ನಾನು ಹೆದರಿದೆ ಕಣಮ್ಮ. ಆ ಹೆದರಿಕೆಗೆ ದೇಶಭಕ್ತಿ ಅಂತ ಹೆಸರು ಕೊಟ್ಟುಕೊಂಡೆ, ಅಷ್ಟೆ. ಹುಡುಗಿ ಬಂದರೆ ನಿನ್ನ ಕೋಣೆ ಸಾಲದು, ಇಲ್ಲಿಗೇ ಬನ್ನಿ ಇಬ್ಬರೂ.

ನಿನ್ನ ತಂದೆ,
ಉಜ್ಜನಪ್ಪ

---

ಹರಿಹರ
೨೪-೩-೧೯೬೩

ಚಿ. ಮೈಲಾರಿಗೆ ನಿನ್ನ ಅಕ್ಕೋರ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆದಿದ್ದೆ, ಮುಟ್ಟಿತೋ ಇಲ್ಲವೋ. ಇದನ್ನು ಓದುವ ಅಣ್ಣಾವರೇ, ದಯವಿಟ್ಟು ಬೇಗ ಮಗುವಿಗೆ ಕೊಡಿ.

ನಮ್ಮ ಅಪ್ಪಾಜಿ ನಿನಗೆ ಜಾಮೀನು ನಿಂತಿದ್ದಾರೆ. ಕಾಗದ ಅಲ್ಲಿಗೆ ಬರುತ್ತಿದೆ. ಯಾರಾದರೂ ಮತ್ತೆ ಕೇಳಿದರೆ, ಮೈಲಾರಿ, ತಟಕ್ಕನೆ ಉತ್ತರ ಕೊಡಬೇಡ. ನಿಂತುಕೋ. ಉಸಿರು ಬಿಡು. ಓಬವ್ವನನ್ನು ನೆನೆಸಿಕೋ, ನಮ್ಮ ಹೊಳೆಯನ್ನು ನೆನೆಸಿಕೋ. ಆಮೇಲೆ ಹೇಳು: ಐ ಕಮ್ ಫ್ರಮ್ ಹರಿಹರ್. ಇಂಗ್ಲಿಷು ಬರದಿದ್ದರೆ ಕನ್ನಡದಲ್ಲೇ ಹೇಳು. ತಪ್ಪಾದರೂ ಚಿಂತೆಯಿಲ್ಲ, ನಿನ್ನ ಮಾತೇ ಆಗಿರಲಿ.

ನಿಂಗಪ್ಪನಿಗೆ ಬಾಲದ ಸುದ್ದಿ ಹೇಳಿಬಿಟ್ಟೆ. ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೂ ನೂಲು ಬೇಕಾ ಕೇಳ್ರಿ ಎಂದ.

ನಿನ್ನ ತಟ್ಟೆ ತೊಳೆದಿಟ್ಟಿದ್ದೇನೆ.

ನಿನ್ನ,
ಅಕ್ಕನಾಗಮ್ಮ

---

ಹರಿಹರ
೧-೭-೧೯೬೩

ಅಪ್ಪಾಜಿ,

ಈ ಜೊತೆಗಿರುವುದು ಮದ್ರಾಸಿನಿಂದ ಬಂದ ಕಾಗದದ ನಕಲು. ಮೂಲ ನನ್ನ ಹತ್ತಿರ ಇರಲಿ, ಕೇಳಬೇಡಿ. ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಎಂದು ಸುಳ್ಳು ಹೇಳಲಾರೆ. ನನ್ನ ಮೇಲಿನದೂ ಇಳಿದಿಲ್ಲ. ಆದರೆ ಇದು ನಿಮಗೂ ಸೇರಬೇಕಾದದ್ದು.

ಕೊನೆಯಲ್ಲಿ ಅವಳೊಂದು ಪ್ರಶ್ನೆ ಕೇಳಿದ್ದಾಳೆ. ನೀವು ಮೂವತ್ತು ವರ್ಷ ಇಂಗ್ಲಿಷು ಕಲಿಸಿದವರು. ಉತ್ತರ ನೀವೇ ಬರೆಯಿರಿ. ಬರೆದು ನನಗೇ ಕಳಿಸಿ. ಅವಳು ವಿಳಾಸ ಕೊಟ್ಟಿಲ್ಲ, ಅವಳಿಗೇ ಗೊತ್ತಿಲ್ಲ.

ಅಕ್ಕನಾಗಮ್ಮ

---

ಮದ್ರಾಸು
೧೭-೬-೧೯೬೩

ನನ್ನ ಪ್ರೀತಿಯ ಅಕ್ಕೋರಿಗೆ ಮೈಲಾರಿಯ ನಮಸ್ಕಾರಗಳು.

ನಾವು ನಾಳೆ ಹಡಗು ಹತ್ತುತ್ತೇವೆ. ಚೀನಾದಿಂದ ನಮ್ಮನ್ನು ಕರೆದುಕೊಂಡು ಹೋಗಲು ಬಂದಿದೆ. ಹೋಗುವವರು ಹೆಸರು ಕೊಡಿ ಅಂದಾಗ ಅಪ್ಪ ಕೊಟ್ಟುಬಿಟ್ಟರು. ಅಂಗಡಿ ಇಲ್ಲ, ಸಾಮಾನು ಇಲ್ಲ, ಹರಿಹರಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದರು. ನಿನಗೆ ಬೇಕಾದರೆ ಅಕ್ಕೋರ ಹತ್ತಿರ ಇರು ಅಂದರು.

ಅಜ್ಜಾವರ ಜಾಮೀನು ಕಾಗದ ಬಂತು. ಸಾಹೇಬರು ನನ್ನನ್ನು ಕರೆಸಿದರು. ನೀವು ಹೇಳಿದ ಹಾಗೇ ಮಾಡಿದೆ ಅಕ್ಕೋರೆ. ನಿಂತುಕೊಂಡೆ, ಉಸಿರು ಬಿಟ್ಟೆ, ಓಬವ್ವನನ್ನು ನೆನೆಸಿಕೊಂಡೆ. ಐ ಕಮ್ ಫ್ರಮ್ ಹರಿಹರ್ ಅಂದೆ. ಸಾಹೇಬರು ಒಳ್ಳೆಯವರು, ಬೇಜಾರಿನಿಂದ ಒಂದು ಹಾಳೆ ತೋರಿಸಿದರು. ಅದರಲ್ಲಿ ನಾನು ಮೊದಲು ಹೇಳಿದ್ದು ಟೈಪ್ ಆಗಿತ್ತು. ಈ ಜಾಮೀನು ಇಲ್ಲಿ ಹುಟ್ಟಿದವರಿಗೆ, ನೀನು ಚೀನಾದಿಂದ ಬಂದವಳು ಅಂತ ನಿನ್ನ ಬಾಯಲ್ಲೇ ಬಂದಿದೆಯಲ್ಲ, ಆ ಊರಿನಲ್ಲೇ ತಿದ್ದಿಸಬೇಕಿತ್ತು ಅಂದರು. ಅದು ನಾನಲ್ಲ, ಸನ್ಯಾಸಿ ಹೇಳಿದ್ದು ಅಂದೆ. ಆ ಜವಾನರು ಹಿಂದಿಯಲ್ಲಿ ಹೇಳಿದರು. ಸಾಹೇಬರು ಯಾವ ಸನ್ಯಾಸಿ ಅಂದರು.

ಅಜ್ಜಾವರಿಗೆ ನನ್ನ ನಮಸ್ಕಾರ ಹೇಳಿ. ಹಲ್ಲು ಸಡಿಲವಾದರೆ ಬಲವಂತ ಮಾಡಬಾರದು, ಬಿಸಿನೀರಿನಲ್ಲಿ ಇಡಬಾರದು ಎಂದು ಅಪ್ಪ ಹೇಳುತ್ತಾರೆ. ಓಬವ್ವನಿಗೆ ನಾನು ದಪ್ಪ ಆಗಿದ್ದೇನೆ ಎಂದು ಹೇಳಿ.

ಅಲ್ಲಿ ಇಳಿದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ. ಚೀನೀ ಭಾಷೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಈಗಿನಿಂದಲೇ ಇಂಗ್ಲಿಷಿನಲ್ಲಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ನೀವು ಕಲಿಸಿದ ವಾಕ್ಯವೇ, ದೇಶದ ಹೆಸರು ಎರಡನ್ನೂ ಅದಲು ಬದಲು ಮಾಡಿದ್ದೇನೆ. ಐ ಕಮ್ ಫ್ರಮ್ ಇಂಡಿಯಾ. ಐ ಆಮ್ ಗೋಯಿಂಗ್ ಟು ಚೈನಾ. ಇಷ್ಟೇ. ಟು ಬ್ರಿಂಗ್ ಅನ್ನುವುದನ್ನು ಬಿಟ್ಟಿದ್ದೇನೆ, ಯಾಕೆಂದರೆ ಬ್ರಿಂಗ್ ಅಂದರೆ ತಿರುಗಿ ಮನೆಗೆ ಬರಬೇಕು ಎಂದು ನೀವು ಹೇಳಿದ್ದಿರಿ.

ಅಕ್ಕೋರೆ, ಅದನ್ನು ಬಿಟ್ಟರೆ ವಾಕ್ಯ ಪೂರ್ತಿ ಆಗುತ್ತದಾ?

ನಿಮ್ಮ ವಿದ್ಯಾರ್ಥಿನಿ,
ಮೈಲಾರಿ
ಆರನೇ ಕ್ಲಾಸು, ಹರಿಹರ